ಸಾಯದ ಗಿಡ ಮತ್ತು ಸೊಸೆಯ ಕೈಗುಣ

ಕೈಗುಣ ಎನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಮೊದಲು ಹೀಗಿರಲಿಲ್ಲ. ನಾನೂ ಇದೇ ಸೀಮೆಯಲ್ಲಿ ಹುಟ್ಟಿ ಇದೇ ಮಾತಿನ ನಡುವೆ ಬೆಳೆದವಳು. ಒಬ್ಬರು ಹೆಪ್ಪು ಹಾಕಿದರೆ ಮೊಸರು ಗಟ್ಟಿ, ಇನ್ನೊಬ್ಬರು ಹಾಕಿದರೆ ಲೋಳೆ. ಒಬ್ಬರು ಬೆರೆಸಿದ ಉಪ್ಪಿನಕಾಯಿ ವರ್ಷ ನಿಲ್ಲುತ್ತದೆ, ಇನ್ನೊಬ್ಬರದು ತಿಂಗಳಿಗೇ ಬೂಷ್ಟು ಹಿಡಿಯುತ್ತದೆ. ಎಲ್ಲಕ್ಕೂ ಕೈಗುಣವೇ ಕಾರಣ ಅನ್ನುತ್ತಿದ್ದರು, ನಾನೂ ಹೂಂ ಎಂದು ನನ್ನ ಕೆಲಸ ನೋಡಿಕೊಳ್ಳುತ್ತಿದ್ದೆ. ಆ ಮಾತು ನಮ್ಮ ಮನೆಯ ಹುಡುಗಿಯನ್ನೇ ಹುಡುಕಿಕೊಂಡು ಬಂದ ಮೇಲೆ ಅದು ಎಷ್ಟು ಕೆಟ್ಟ ಮಾತು ಅಂತ ಗೊತ್ತಾಯಿತು.

ನಮ್ಮದು ಹಾಸನದಲ್ಲಿ ಬಾಡಿಗೆ ಮನೆ, ಮಹಡಿಯ ಮೇಲೆ. ನಮ್ಮವರು ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಮಗ ಡ್ರಿಪ್ ಪೈಪು ಮಾರುವ ಕೆಲಸದಲ್ಲಿ ಸದಾ ಬೈಕಿನ ಮೇಲೆಯೇ ಇರುತ್ತಾನೆ. ಸೊಸೆ ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯವಳು, ಇಲ್ಲಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಮಾತು ಕಡಿಮೆ. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಒಂದು ಸಣ್ಣ ನಗು.

ನಮ್ಮ ಹೊಲ ಹೊಳೆನರಸೀಪುರದ ಕಡೆ ಹಳೇಕೋಟೆಯಲ್ಲಿದೆ, ನೋಡಿಕೊಳ್ಳುವವನು ನನ್ನ ಮೈದುನ. ಅಲ್ಲಿ ಆಲೂಗೆಡ್ಡೆ ಬಿತ್ತುವಾಗ ನಮ್ಮ ಮನೆತನದಲ್ಲಿ ಒಂದು ಪದ್ಧತಿ ಉಂಟು. ಸಾಲು ಹೊಡೆದಾದ ಮೇಲೆ ಬದುವಿನಲ್ಲಿ ಪೂಜೆ ಮಾಡಿ, ಅರಿಸಿನ ಕುಂಕುಮ ಹಚ್ಚಿದ ಮೊದಲ ಗೆಡ್ಡೆಯನ್ನು ಮನೆಯ ಕಿರಿ ಸೊಸೆ ಊರಬೇಕು. ಆಮೇಲೆ ಕೂಲಿಯ ಹೆಂಗಸರು ಸಾಲಿಗಿಳಿಯುತ್ತಾರೆ. ಮದುವೆಯಾಗಿ ಬಂದ ವರ್ಷ ನಮ್ಮ ಹುಡುಗಿಯೇ ಆ ಗೆಡ್ಡೆ ಊರಿದ್ದಳು. ಬೆಳೆ ಚೆನ್ನಾಗಿ ಬಂತು. ಯಾರಾದರೂ ಅವಳ ಕೈ ಹಿಡಿದು, ಎಂಥ ಕೈಗುಣ ಕಣವ್ವ ನಿನ್ನದು ಅಂದರೇ? ಇಲ್ಲ. ಮಳೆ ಹದವಾಗಿ ಬಿತ್ತು ಅಂದರು, ಅಷ್ಟೆ.

ಅದೇ ವರ್ಷ ಅವಳು ಸಾಲಗಾಮೆ ರಸ್ತೆಯಲ್ಲಿ ಗಿಡ ಮಾರುವವನ ಹತ್ತಿರ ಒಂದು ಸ್ನೇಕ್ ಪ್ಲಾಂಟ್ ಕೊಂಡು ತಂದಳು. ಕೊಂಬೆಯಿಲ್ಲ, ಹೂವಿಲ್ಲ. ಬುಡದಿಂದಲೇ ಉದ್ದನೆಯ ದಪ್ಪ ಎಲೆಗಳು ಕತ್ತಿಯ ಹಾಗೆ ನೆಟ್ಟಗೆ ನಿಂತಿರುತ್ತವೆ, ಹಸಿರಿನ ಮೇಲೆ ಹಾವಿನ ಮೈಯಂಥ ಪಟ್ಟೆ, ಅಂಚಿಗೆ ಹಳದಿ ಗೆರೆ. ಮನೆಯೊಳಗೇ ಬೆಳೆಯುತ್ತದಂತೆ, ಮರೆತುಬಿಟ್ಟರೂ ಸಾಯುವುದಿಲ್ಲವಂತೆ. ಪ್ಲಾಸ್ಟಿಕ್ಕಿನ ಕುಂಡ ನೋಡಲು ಚೆನ್ನಾಗಿಲ್ಲವೆಂದು ನಮ್ಮವರು ಹಿತ್ತಾಳೆ ಬಣ್ಣದ ಒಂದು ದೊಡ್ಡ ಪಾತ್ರೆ ತಂದು ಅದರೊಳಗೆ ಇಳಿಸಿದರು. ಕಿಟಕಿಯ ಹತ್ತಿರ ನನ್ನ ಹೊಲಿಗೆ ಮಿಷನ್ನು. ಹಾಗಾಗಿ ಗಿಡಕ್ಕೆ ಸಿಕ್ಕಿದ್ದು ದೇವರ ಗೂಡಿನ ಪಕ್ಕದ ಮೂಲೆ, ಹಗಲಲ್ಲೂ ಲೈಟು ಹಾಕಬೇಕಾದ ಜಾಗ.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವಳಿಗೆ ಮೂರನೇ ತಿಂಗಳಲ್ಲಿ ಗರ್ಭ ಹೋಯಿತು. ಡಾಕ್ಟರಮ್ಮ, ಇದು ಎಷ್ಟೋ ಜನಕ್ಕೆ ಆಗುತ್ತೆ, ಯಾರ ತಪ್ಪೂ ಅಲ್ಲ, ಎಂದು ಬಿಡಿಸಿ ಹೇಳಿದರು. ಹುಡುಗಿ ತಲೆಯಾಡಿಸಿದಳು. ಒಂದು ವಾರ ರಜೆ ಹಾಕಿದಳು, ಆಮೇಲೆ ಶಾಲೆಗೆ ಹೋದಳು. ಅತ್ತದ್ದನ್ನು ನಾನು ನೋಡಲಿಲ್ಲ, ಬಚ್ಚಲಿನ ನಲ್ಲಿ ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸುರಿಯುತ್ತಿತ್ತು.

ಗಿಡ ಬಾಗಲು ಶುರುವಾಗಿದ್ದೂ ಅದೇ ಹೊತ್ತಿಗೆ. ಮೊದಲು ಹೊರಗಿನ ಒಂದು ಎಲೆ ಪಕ್ಕಕ್ಕೆ ವಾಲಿತು. ಆಮೇಲೆ ಇನ್ನೊಂದು. ನೆಟ್ಟಗೆ ನಿಲ್ಲುವುದೇ ಅದರ ಸ್ವಭಾವ, ಅಂಥದ್ದು ಸುಕ್ಕು ಬಿದ್ದು, ಕುಡುಕನ ಹಾಗೆ ಗೋಡೆಗೆ ಒರಗಿಕೊಂಡಿತು. ನೋಡಿದವರೆಲ್ಲ, ಅಯ್ಯೋ, ನೀರು ಸಾಲದು ಅಂದರು.

ಅರಕಲಗೂಡಿನಿಂದ ನಮ್ಮ ಅತ್ತಿಗೆ ಬಂದಿದ್ದರು. ಇವರ ಅಕ್ಕ, ಮನೆಗೆ ಹಿರಿಯರು. ಬಂದವರು ನಾಲ್ಕು ದಿನ ಇದ್ದೇ ಹೋಗುವುದು, ಇದ್ದಷ್ಟು ದಿನ ನನ್ನ ಅಡಿಗೆಮನೆ ನನ್ನದಲ್ಲ. ಗಿಡದ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು ಒಂದು ಸಲ ಅದನ್ನು ನೋಡಿದರು, ಒಂದು ಸಲ ಒಳಗೆ ಬಟ್ಟೆ ಮಡಿಸುತ್ತಿದ್ದ ಹುಡುಗಿಯನ್ನು ನೋಡಿದರು.

"ಇದು ಸಾಯಕ್ಕಿಲ್ಲ ಅಂತ ತಂದ ಗಿಡ ಅಲ್ವೇನವ್ವ?"

"ಊಂ ಅತ್ಗೆ."

"ಸಾಯ್ದಿರೋ ಗಿಡಾನೇ ಇವ್ಳ ಕೈಲಿ ಇಂಗಾದ್ರೆ, ಇನ್ನೇನ್ ಉಳ್ದದು ಏಳು. ಕೈಗುಣ ಕಣವ್ವ. ಅದು ಬಂದೋರ ಜೊತೇಲೆ ಬತ್ತದೆ."

ಒಳಗೆ ಬಟ್ಟೆ ಮಡಿಸುವ ಸದ್ದು ನಿಂತಿತು. ಇನ್ನೇನು ಉಳಿಯುತ್ತದೆ ಎಂದದ್ದು ಯಾವುದಕ್ಕೆ ಎಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಬಾಯಿಗೆ ಏನೇನು ಬಂತೋ ಅದನ್ನೆಲ್ಲ ಇಲ್ಲಿ ಬರೆಯಲಾರೆ. ಆದರೆ ಅತ್ತಿಗೆಯವರ ಮಾತು ಒಮ್ಮೆ ಹೊರಬಿದ್ದರೆ ಯಾವ ಬೈಗುಳಕ್ಕೂ ಹಿಂದೆ ಹೋಗುವ ಜಾತಿಯದಲ್ಲ. ಹಳೇಕೋಟೆಗೆ ಹೋಯಿತು, ಅಲ್ಲಿಂದ ಚನ್ನರಾಯಪಟ್ಟಣದಲ್ಲಿದ್ದ ನೆಂಟರ ಮನೆಗೆ ಹೋಯಿತು, ಅಲ್ಲಿಂದ ದಂಡಿಗನಹಳ್ಳಿಗೂ ಹೋಗಿ ಹುಡುಗಿಯ ತಾಯಿಯ ಕಿವಿಗೂ ಬಿತ್ತು. ಆ ತಾಯಿ ನನಗೆ ಫೋನು ಮಾಡಿ, ನಾನೇ ಅಂದೆ ಎಂದುಕೊಂಡೋ ಏನೋ, "ನಮ್ಮುಡ್ಗಿ ಕೈಲಿ ತಪ್ಪಾಗಿದ್ರೆ ನೀವೇ ತಿದ್ಕಳಿ ಬೀಗ್ರೇ" ಎಂದು ಅತ್ತರು. ಏನನ್ನು ತಿದ್ದಬೇಕು? ಕೈಯನ್ನೇ?

ನನಗೆ ಇನ್ನೂ ಹೊಟ್ಟೆ ಉರಿಯುವುದು ಇದಕ್ಕೆ: ಹುಡುಗಿ ಆ ಮಾತನ್ನು ನಂಬತೊಡಗಿದಳು. ನನಗೆ ಅದು ಗೊತ್ತಾಗಿದ್ದು ಮೊಸರಿನಿಂದ. ಶಾಲೆಯಿಂದ ಬಂದು ಹಾಲು ಕಾಯಿಸಿ ಹೆಪ್ಪು ಹಾಕುವುದು ಅವಳ ಕೆಲಸ. ಒಂದು ದಿನ ಉಗುರುಬೆಚ್ಚಗಿನ ಹಾಲನ್ನೂ ಮಜ್ಜಿಗೆಯ ಬಟ್ಟಲನ್ನೂ ನನ್ನ ಮುಂದೆ ತಂದಿಟ್ಟು, "ಅತ್ತೆ, ನೀವೇ ಹಾಕಿಬಿಡಿ" ಅಂದಳು. ಕೈಗೇನಾಗಿದೆ ಎಂದು ಕೇಳಿದೆ. ಏನಿಲ್ಲ ಅಂದಳು. ಆಮೇಲೆ ನಿಂಬೆಕಾಯಿಗೆ ಉಪ್ಪು ಬೆರೆಸಲೂ ಬರಲಿಲ್ಲ, ಪಕ್ಕದ ಮನೆಯ ಕೂಸನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಳು. ಆ ಕೂಸು ಇವಳನ್ನು ಕಂಡರೆ ಎರಡೂ ಕೈ ಚಾಚುತ್ತಿತ್ತು. ಇವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಬರೀ ಮಾತಾಡಿಸಿ ಕಳಿಸುತ್ತಿದ್ದಳು. ಗಣಿತ ಕಲಿಸುವವಳು! ಮಗನಿಗೆ ಹೇಳಿದರೆ, "ಬಿಡಮ್ಮ, ಅವ್ರು ಅಳೇ ಕಾಲ್ದೋರು" ಎಂದು ಹೆಲ್ಮೆಟ್ಟು ಹಾಕಿಕೊಂಡು ಹೋದ. ಗಂಡಸರಿಗೆ ಹೆಲ್ಮೆಟ್ಟಿನೊಳಗೆ ಇದ್ಯಾವುದೂ ಕೇಳಿಸುವುದಿಲ್ಲ.

ಮುಂದಿನ ಬಿತ್ತನೆ ಹತ್ತಿರ ಬಂತು. ಅತ್ತಿಗೆಯ ಫೋನು ಬಂತು. ಈ ಸಲ ಮೊದಲ ಗೆಡ್ಡೆಯನ್ನು ತಾವೇ ಊರುತ್ತಾರಂತೆ, ಹುಡುಗಿ ಸುಮ್ಮನೆ ಬಂದು ಊಟ ಮಾಡಿಕೊಂಡು ಹೋಗಲಂತೆ. "ಬೇಜಾರ್ ಮಾಡ್ಕಬ್ಯಾಡ ಕಣವ್ವ, ಎಲ್ಲಾರ್ ಅನ್ನದ್ ಪ್ರಶ್ನೆ" ಎಂದರು. ನಾನು ಫೋನು ಕುಕ್ಕಿದೆ. ಸಿಟ್ಟು ಬಂದರೆ ಕಸ ಗುಡಿಸುವುದು ನನ್ನ ಅಭ್ಯಾಸ. ಪೊರಕೆ ಹಿಡಿದು ಮನೆಯೆಲ್ಲ ಗುಡಿಸುತ್ತ ದೇವರ ಮೂಲೆಗೆ ಬಂದು, ಆ ಹಾಳು ಗಿಡವನ್ನು ಪಕ್ಕಕ್ಕೆ ಸರಿಸಲೆಂದು ಒಂದು ಎಲೆ ಹಿಡಿದು ಎಳೆದೆ. ಎಲೆ ಹಾಗೇ ಕೈಗೆ ಬಂತು, ಬುಡವೆಲ್ಲ ಲೋಳೆ. ಎಂಥ ವಾಸನೆ ಅಂತೀರಿ! ಚರಂಡಿಯ ಕಲ್ಲು ಎತ್ತಿದ ಹಾಗಾಯಿತು. ಪ್ಲಾಸ್ಟಿಕ್ ಕುಂಡವನ್ನು ಎತ್ತಿ ನೋಡಿದರೆ, ಆ ಹಿತ್ತಾಳೆ ಬಣ್ಣದ ಪಾತ್ರೆಯ ಅರ್ಧದವರೆಗೆ ಕಪ್ಪು ನೀರು ನಿಂತಿತ್ತು. ಪಾತ್ರೆಗೆ ತೂತೇ ಇರಲಿಲ್ಲ.

"ಇಷ್ಟು ನೀರು ಯಾರು ಹಾಕಿದ್ದು?" ಎಂದು ಕೂಗಿದೆ.

ನಮ್ಮವರು ಪೇಪರಿನಿಂದ ತಲೆಯೆತ್ತಿದರು. "ನಾನು ತೀರ್ಥ ಹಾಕ್ತೀನಿ, ಅಷ್ಟೇ ಕಣೆ."

ಅಷ್ಟೇಯಂತೆ! ದಿನಾ ಬೆಳಿಗ್ಗೆ ಇವರು ದೇವರಿಗೆ ಅಭಿಷೇಕ ಮಾಡಿದ ನೀರು. ಹಳೇಕೋಟೆಯಲ್ಲಾದರೆ ಅದು ತುಳಸಿಯ ಬುಡಕ್ಕೆ ಹೋಗುತ್ತಿತ್ತು. ಇಲ್ಲಿ ಸಿಂಕಿಗೆ ಸುರಿಯೋಣವೆಂದರೆ ಆ ಪೈಪು ಬಚ್ಚಲಿನ ಪೈಪಿಗೆ ಸೇರುತ್ತದೆ, ದೇವರ ನೀರು ಅಲ್ಲಿಗೆ ಹೋಗಬಾರದು, ಯಾರೂ ತುಳಿಯಲೂ ಬಾರದು. ಹಾಗಾಗಿ ಗಿಡಕ್ಕೆ. ಶುಕ್ರವಾರ ನಾನು ಕದಲಿಸಿದ ಕಳಶದ ನೀರೂ ಅದಕ್ಕೇ. ಮನೆಗೆ ಬಂದವರಿಗೆ ಕೊಟ್ಟ ಚೊಂಬಿನಲ್ಲಿ ಉಳಿದದ್ದನ್ನು ಬಂದವರೇ ಪುಣ್ಯಕ್ಕೆಂದು ಅದಕ್ಕೆ ಬಗ್ಗಿಸಿ ಹೋಗುತ್ತಿದ್ದರು. ಅತ್ತಿಗೆ ಬಂದಾಗ ಅಕ್ಕಿ ತೊಳೆದ ನೀರನ್ನು ಚೆಲ್ಲಲು ಅವರ ಜೀವ ಒಪ್ಪದು, ಊರಿನಲ್ಲಿ ಅದು ದನದ ಪಾಲು. ನಮ್ಮಲ್ಲಿ ದನವೆಲ್ಲಿದೆ? ಅದೂ ಗಿಡಕ್ಕೆ. ಬಾಗಿದ್ದು ಕಂಡ ಮೇಲಂತೂ ಪಾಪ ಎಂದು ಪ್ರತಿಯೊಬ್ಬರೂ ಇನ್ನೊಂದು ಲೋಟ. ಊರಿನ ಮನೆಯ ತುಳಸಿ, ತೆಂಗು, ಹಸು, ಎಮ್ಮೆ, ಇಷ್ಟಕ್ಕೂ ಸೇರಬೇಕಾದ ನೀರನ್ನು ಬಾಯಿಲ್ಲದ ಒಂದು ಗಿಡ ಒಂದು ವರ್ಷ ಕುಡಿದಿತ್ತು.

ಆಗ ಹುಡುಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನೀನೂ ಹಾಕ್ತಿದ್ಯೇನೆ?" ಎಂದೆ.

"ಇಲ್ಲ ಅತ್ತೆ. ನಾನು ಒಂದ್ ಹನಿ ಹಾಕಿಲ್ಲ. ಗಿಡ ಕೊಟ್ಟೋನು ಹೇಳಿದ್ದ, ಮಣ್ಣು ಪೂರ್ತಿ ಒಣಗಿದ್ ಮೇಲೇ ನೀರು ಹಾಕ್ಬೇಕು ಅಂತ. ಅದು ಒಣಗ್ಲೇ ಇಲ್ವಲ್ಲ."

"ಹಂಗಾದ್ರೆ ಗೊತ್ತಿತ್ತಾ ನಿಂಗೆ?"

ಅವಳು ಮಾವನ ಕಡೆ ನೋಡಿದಳು, ನೆಲ ನೋಡಿದಳು. "ಮಾವ ದೇವ್ರ ನೀರು ಹಾಕ್ತಿದ್ರು. ಹಾಕ್ಬೇಡಿ ಅಂತ ನಾನೆಂಗೆ ಹೇಳ್ಲಿ? ಮೊದ್ಲೇ ನನ್ ಕೈಗೆ ಹೆಸರು ಬಂದಿತ್ತು. ತೀರ್ಥ ಬೇಡ ಅಂದ್ಳು ಅಂತ ಅದೊಂದು ಸೇರ್ಕಳದು."

ನನಗೆ ಯಾರ ಮೇಲೆ ಕೂಗಾಡಬೇಕೋ ತಿಳಿಯಲಿಲ್ಲ. ಗೊತ್ತಿದ್ದವಳು ಅವಳೊಬ್ಬಳೇ, ಹಾಕದಿದ್ದವಳು ಅವಳೊಬ್ಬಳೇ, ಬೈಸಿಕೊಂಡವಳೂ ಅವಳೊಬ್ಬಳೇ. ನಮ್ಮವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ ಕೂತರು, ಒರೆಸಿದ್ದನ್ನೇ ಒರೆಸಿದರು. ಕೊನೆಗೆ, "ಬಾರವ್ವ, ಉಳಿಯೋ ಹಂಗಿದ್ರೆ ಉಳಿಸೋಣ" ಎಂದು ಎದ್ದರು.

ಪೇಪರು ಹಾಸಿ ಮೂವರೂ ನೆಲಕ್ಕೆ ಕೂತೆವು. ಹುಡುಗಿ ಕುಂಡವನ್ನು ಬೋರಲು ಹಾಕಿ ಮಣ್ಣು ಸಮೇತ ಗಿಡ ಬಿಡಿಸಿದಳು. ಬೇರಿನ ಮುಕ್ಕಾಲು ಪಾಲು ಕಂದು ಬಣ್ಣಕ್ಕೆ ತಿರುಗಿ, ಹಿಡಿದರೆ ಸಿಪ್ಪೆ ಕಳಚಿ ಬರುವಂತಿತ್ತು. ನಡುವೆ ಮಾತ್ರ ಕೆಲವು ಬೇರು ಬೆಳ್ಳಗೆ, ಗಟ್ಟಿಯಾಗಿದ್ದವು. ಕೊಳೆತದ್ದನ್ನೆಲ್ಲ ಕತ್ತರಿಸಬೇಕು ಅಂದಳು. ನನ್ನ ಬಟ್ಟೆ ಕತ್ತರಿಯನ್ನು ನಾನು ಯಾರ ಕೈಗೂ ಕೊಡುವವಳಲ್ಲ, ಪೇಪರು ಕತ್ತರಿಸಲೂ ಕೊಡುವುದಿಲ್ಲ. ಅಂದು ತಂದು ಅವಳ ಕೈಗೆ ಕೊಟ್ಟೆ. ಅವಳು ಹಿಂಜರಿದಳು. ಹಿಡಿಯೇ ಎಂದು ಗದರಿದೆ. ಒಂದೊಂದೇ ಬೇರನ್ನು ಬೆರಳಿನಲ್ಲಿ ಒತ್ತಿ ನೋಡಿ, ಮೆತ್ತಗಿದ್ದದ್ದನ್ನು ಕತ್ತರಿಸಿ, ಗಟ್ಟಿಯಿದ್ದದ್ದನ್ನು ಬಿಟ್ಟಳು. ಲೋಳೆಯಾದ ಎಲೆಗಳನ್ನು ಬುಡದಲ್ಲೇ ತೆಗೆದಳು. ಉಳಿದದ್ದು ಮೂರೇ ಎಲೆ. ಅದನ್ನು ನೆರಳಿನಲ್ಲಿ ಎರಡು ದಿನ ಬೇರು ಒಣಗಲು ಬಿಟ್ಟು, ತಳದಲ್ಲಿ ತೂತಿರುವ ಮಣ್ಣಿನ ಕುಂಡಕ್ಕೆ ಇಟ್ಟಿಗೆ ಚೂರು ಹಾಕಿ, ಅರ್ಧ ಮರಳು ಅರ್ಧ ಮಣ್ಣು ಬೆರೆಸಿ ನೆಟ್ಟಳು. ಎಲೆ ವಾಲದಿರಲೆಂದು ರವಿಕೆ ಬಟ್ಟೆಯ ಪಟ್ಟಿಯಿಂದ ನಾನು ಒಂದು ಕಡ್ಡಿಗೆ ಸಡಿಲವಾಗಿ ಕಟ್ಟಿದೆ. ನೀರು ಹಾಕಲಿಲ್ಲ. ಮಿಷನ್ನನ್ನು ಎಳೆದು ಕಿಟಕಿಯ ಜಾಗವನ್ನು ಗಿಡಕ್ಕೆ ಬಿಟ್ಟುಕೊಟ್ಟೆ. ಮಾರನೆಯ ಬೆಳಿಗ್ಗೆಯಿಂದ ನಮ್ಮವರು ತೀರ್ಥದ ಬಟ್ಟಲು ಹಿಡಿದು ಮೆಟ್ಟಿಲಿಳಿದು ಮನೆ ಮಾಲೀಕರ ತೆಂಗಿನ ಬುಡಕ್ಕೆ ಹೋದರು.

ಕತ್ತರಿಸಿ ತೆಗೆದ ಕೊಳೆಯನ್ನು ಮಾತ್ರ ನಾನು ಎಸೆಯಲಿಲ್ಲ. ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿ ಗಂಟು ಹಾಕಿ ಇಟ್ಟುಕೊಂಡೆ. ಬಿತ್ತನೆಯ ದಿನ ಹುಡುಗಿಯನ್ನೂ ಕರೆದುಕೊಂಡು ಹಳೇಕೋಟೆಗೆ ಹೊರಟಾಗ ಅದೂ ನನ್ನ ಬ್ಯಾಗಿನಲ್ಲಿತ್ತು. ಬಸ್ಸಿನಲ್ಲಿ ಹೊಳೆನರಸೀಪುರದವರೆಗೂ ಪಕ್ಕದ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದು ನನ್ನನ್ನೇ ದುರುಗುಟ್ಟಿದಳು. ನಮ್ಮವರು ನನ್ನ ಜೊತೆ ಬಂದವರೇ ಅಲ್ಲ ಎನ್ನುವಂತೆ ಕಿಟಕಿಯ ಹೊರಗೆ ನೋಡುತ್ತಿದ್ದರು.

ಹೊಲದಲ್ಲಿ ಸಾಲು ಹೊಡೆದು ಮುಗಿದಿತ್ತು. ಬದುವಿನ ಮೇಲೆ ಪೂಜೆಗೆ ಎಲ್ಲ ಸಿದ್ಧ, ತಟ್ಟೆಯಲ್ಲಿ ಅರಿಸಿನ ಕುಂಕುಮ ಹಚ್ಚಿದ ಗೆಡ್ಡೆ. ಆ ಕಡೆ ಕೂಲಿಯ ಹೆಂಗಸರು ಮಂಕರಿಗಳಿಗೆ ಬಿತ್ತನೆ ಗೆಡ್ಡೆಯ ಹೋಳು ತುಂಬಿಕೊಂಡು ಕಾಯುತ್ತಿದ್ದರು. ಅತ್ತಿಗೆ ಆಗಲೇ ಸೀರೆ ಎತ್ತಿ ಕಟ್ಟಿ ತಟ್ಟೆ ಹಿಡಿದಿದ್ದರು. ನಾನು ನೇರ ಹೋಗಿ ಕವರು ಬಿಚ್ಚಿ ಅವರ ಕಾಲ ಹತ್ತಿರ ಸುರಿದೆ.

"ಥೂ! ಏನವ್ವ ಇದು, ಪೂಜೆ ಜಾಗ್ದಲ್ಲಿ?"

"ಇವ್ಳ ಕೈಗುಣ ಅತ್ಗೆ. ನೋಡ್ಕಳಿ. ಇದ್ರಲ್ಲಿ ನಿಮ್ಮ ಅಕ್ಕಿ ತೊಳೆದ ನೀರೈತೆ, ನಿಮ್ ತಮ್ಮನ ತೀರ್ಥ ಐತೆ, ನನ್ ಕಳಶದ ನೀರೈತೆ. ಇವ್ಳದು ಒಂದ್ ಹನೀನೂ ಇಲ್ಲ. ಕುಡ್ಸಿ ಕುಡ್ಸಿ ಕೊಳೆಸ್ದೋರು ನಾವು, ಹೆಸ್ರು ಇವ್ಳಿಗೆ!"

"ತೀರ್ಥ ಆಕುದ್ರೆ ಯಾವ ಗಿಡ ಕೊಳಿತದವ್ವ?"

"ಕೊಳೀತದೆ ಕಣಕ್ಕ," ಎಂದರು ನಮ್ಮವರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಅಕ್ಕನಿಗೆ ಎದುರಾಡಿದ್ದನ್ನು ನಾನು ನೋಡಿರಲಿಲ್ಲ. "ದಿನಾ ಹಾಕ್ದೋನು ನಾನು. ಈ ಮಗೂನ ಅನ್ಬೇಡ ನೀನು."

ಮೈದುನ ನೊಗದ ಹಗ್ಗ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿದ. ಅತ್ತಿಗೆ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ತಟ್ಟೆಯನ್ನು ಹುಡುಗಿಯ ಕಡೆ ಚಾಚಿ, "ತಗಳವ್ವ, ನೀನೇ ಊರು. ನಂಗೇನ್ ನಿನ್ ಮ್ಯಾಲೆ ದ್ವೇಸವಾ?" ಎಂದರು. ಗೆದ್ದೆ ಎಂದುಕೊಂಡೆ. ಎದೆಯುಬ್ಬಿಸಿ ಹುಡುಗಿಯ ಬೆನ್ನಿಗೆ ಕೈ ಹಾಕಿ ಮುಂದಕ್ಕೆ ತಳ್ಳಿದೆ.

ಅವಳು ತಟ್ಟೆ ಮುಟ್ಟಲಿಲ್ಲ.

"ಬ್ಯಾಡ ದೊಡ್ಡಮ್ಮ," ಅಂದಳು. ಮೆಲ್ಲಗೇ ಅಂದಳು, ಆದರೆ ಎಲ್ಲರಿಗೂ ಕೇಳಿಸಿತು. "ಹೋದ್ ವರ್ಷ ನಾನೇ ಊರಿದ್ದೆ. ಬೆಳೆ ಚೆನ್ನಾಗಿ ಬಂತು. ಮಳೆ ಚೆನ್ನಾಗಿತ್ತು ಅಂದ್ರಿ. ಈ ವರ್ಷ ಊರಿ ಅಂಗಮಾರಿ ರೋಗ ಬಿದ್ರೆ ನನ್ ಕೈ ಅಂತೀರಿ. ಒಳ್ಳೇದಾದ್ರೆ ನಂದಲ್ಲ, ಕೆಟ್ಟದ್ದಾದ್ರೆ ನಂದು. ಈ ಲೆಕ್ಕ ನಂಗೆ ಬ್ಯಾಡ."

"ಲೇ, ನಿಂಗೋಸ್ಕರ ನಾನು ಇಷ್ಟೆಲ್ಲ..." ಎಂದು ನಾನು ಬಾಯಿ ತೆಗೆದೆ.

"ಗೊತ್ತು ಅತ್ತೆ. ಅದಕ್ಕೇ ಬಂದೆ." ಎಂದು ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಚಪ್ಪಲಿ ಕಳಚಿ ಬದುವಿನ ಬದಿಗಿಟ್ಟಳು. ಹೊಲಕ್ಕಿಳಿದು ನೇರ ಕೂಲಿಯ ಹೆಂಗಸರ ಹತ್ತಿರ ಹೋಗಿ, ಖಾಲಿ ಇದ್ದ ಒಂದು ಮಂಕರಿಗೆ ಗೆಡ್ಡೆ ತುಂಬಿಕೊಂಡಳು.

ಆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹಿರಿಯಳೊಬ್ಬಳು ತನ್ನ ಪಕ್ಕದವಳನ್ನು ಮೊಣಕೈಯಲ್ಲಿ ತಿವಿದು ಜಾಗ ಬಿಡಿಸಿ, "ಬಾ ಕಣವ್ವ, ನಡುವ್ಕೆ ಬಾ. ಒಂದು ಗೇಣಿಗೊಂದು ಆಕು, ಮೊಳಕೆ ಮ್ಯಾಲಕ್ಕೆ ಬರ್ಲಿ" ಎಂದಳು. ಸಾಲುಗಳು ಹೊರಟವು. ಬದುವಿನ ಮೇಲೆ ಪೂಜೆಯ ಗೆಡ್ಡೆಯ ತಟ್ಟೆ ಹಿಡಿದು ಅತ್ತಿಗೆ ನಿಂತೇ ಇದ್ದರು. ಅಲ್ಲಿ ನಿಂತು ನೋಡುವಾಗ ನನಗೆ ಹೊಸದೊಂದು ಸಿಟ್ಟು ಬಂತು. ನಾವು ಒಂದು ಗೆಡ್ಡೆಗಾಗಿ ಕೈಗುಣ ಅಳೆದು ತೂಗಿ ಜಗಳವಾಡುತ್ತೇವೆ. ಉಳಿದ ಇಡೀ ಹೊಲವನ್ನು ಈ ಹೆಂಗಸರು ವರ್ಷ ವರ್ಷವೂ ಊರುತ್ತಾರೆ, ಅವರ ಕೈ ಎಂಥದ್ದೆಂದು ನಮ್ಮ ಮನೆತನದಲ್ಲಿ ಒಬ್ಬರೂ ಕೇಳಿದ್ದಿಲ್ಲ. ಬೆಳೆ ಬಂದಾಗಲೂ ಕೇಳಿಲ್ಲ.

ಹುಡುಗಿ ಸಂಜೆಯವರೆಗೂ ಬಗ್ಗಿದ ಸೊಂಟ ಎತ್ತಲಿಲ್ಲ. ಆ ಹೆಂಗಸರ ಜೊತೆ ಏನೋ ಮಾತಾಡುತ್ತ, ಒಂದೆರಡು ಸಲ ಜೋರಾಗಿ ನಗುತ್ತ, ಅವರ ಸಾಲಿನ ನಡುವೆಯೇ ಹೋಗುತ್ತಿದ್ದಳು. ದೂರದಿಂದ ಯಾವಳು ಅವಳೆಂದು ಗುರುತು ಹಿಡಿಯಲು ನನಗೇ ಕಷ್ಟವಾಗುತ್ತಿತ್ತು.

ಗೆಡ್ಡೆ ಮೊಳೆತ ಮೇಲೆ ಅತ್ತಿಗೆ ಅರಕಲಗೂಡಿನಿಂದ ಮತ್ತೆ ಹಳೇಕೋಟೆಗೆ ಬಂದಿದ್ದರಂತೆ. ಹೊಲದಲ್ಲಿ ಬಹುಪಾಲು ಹಸಿರಾಗಿತ್ತು. ಎಲ್ಲ ವರ್ಷದ ಹಾಗೆ ಅಲ್ಲಲ್ಲಿ ಮೊಳಕೆ ಬಾರದ ಜಾಗವೂ ಇತ್ತು. ಬದುವಿನ ಮೇಲೆ ಬಹಳ ಹೊತ್ತು ನಿಂತು, ಹುಡುಗಿ ಊರಿದ ಸಾಲು ಯಾವುದು ಎಂದು ಮೈದುನನನ್ನು ಕೇಳಿದರಂತೆ. ಅವನು ಆ ಕಡೆಯಿಂದ ಈ ಕಡೆಯವರೆಗೆ ಹೊಲವನ್ನೆಲ್ಲ ನೋಡಿ, ಗೊತ್ತಿಲ್ಲ ಕಣಕ್ಕ ಅಂದನಂತೆ.